ಮನೆಗೋಡೆ ಹೊರುವ ಕೆಂಪುಕಲ್ಲು ಕಾರನ್ನು ಯಾಕೆ ಹೊರುವುದಿಲ್ಲ?

ಓದುಗರ ಪ್ರಶ್ನೆ: "ನಮ್ಮದು ಸ್ವಿಫ್ಟ್ ಕಾರು. ಮನೆಯಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದುಂಟು. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಇಂಥ ಕೆಲಸ ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಕಾರಿನ ಜೊತೆ ಬಂದ ಜ್ಯಾಕಿನಲ್ಲಿ ಎತ್ತಿ, ಅಡಿಗೆ ಎರಡು ಕೆಂಪುಕಲ್ಲು ಕೊಟ್ಟರೆ ಸಾಕಾಗುವುದಿಲ್ವಾ? ಎರಡು ಮಾಳಿಗೆಯ ಮನೆ ಹೊರುವ ಕಲ್ಲಿಗೆ ಒಂದು ಕಾರು ಯಾವ ಲೆಕ್ಕ?"

ಸಾಕಾಗುವುದಿಲ್ಲ. ಆದರೆ ಈ ಪ್ರಶ್ನೆಯನ್ನು ನಕ್ಕು ಬದಿಗಿಡುವ ಹಾಗೂ ಇಲ್ಲ. ಕುಂದಾಪುರದಿಂದ ಉಳ್ಳಾಲದವರೆಗೆ ಯಾವ ಅಂಗಳಕ್ಕೆ ಹೋದರೂ ಮೂಲೆಯಲ್ಲಿ ನಾಲ್ಕು ಕೆಂಪುಕಲ್ಲು ಬಿದ್ದಿರುತ್ತವೆ, ಕಾರು ಎತ್ತಿದವರ ಕೈ ಮೊದಲು ಹೋಗುವುದು ಅಲ್ಲಿಗೇ. ಲೆಕ್ಕ ಹಾಕಿಯೇ ನೋಡೋಣ.

ಗೋಡೆ ಕಟ್ಟುವ ಕೆಂಪುಕಲ್ಲಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3620 ಎಂಬ ಮಾನಕ ಇದೆ. ಅದರಂತೆ ಕಲ್ಲು ಕನಿಷ್ಠ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡ ತಾಳಬೇಕು. 390 ಮಿ.ಮೀ. ಉದ್ದ, 190 ಮಿ.ಮೀ. ಅಗಲದ ಕಲ್ಲನ್ನು ಮಲಗಿಸಿ ಮೈತುಂಬ ಸಮನಾಗಿ ಭಾರ ಹೇರಿದರೆ ಲೆಕ್ಕದಲ್ಲಿ 26 ಟನ್ನಿನ ತನಕ ತಾಳಬೇಕು. ಮನೆ ನಿಂತಿರುವುದು ಹೀಗೆ: ಗಾರೆಯ ಮೇಲೆ, ಇಡೀ ಮೈಯಲ್ಲಿ, ಅಲುಗದೆ.

ಕಾರು ಕಲ್ಲಿನ ಮೇಲೆ ಕೂರುವುದು ಹಾಗಲ್ಲ. ಬಾಗಿಲ ಕೆಳಗೆ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ಅಂಚು ಇರುತ್ತದಲ್ಲ, ಅದರ ದಪ್ಪ ಹೆಚ್ಚೆಂದರೆ 3 ಮಿ.ಮೀ. ಕಲ್ಲಿಗೆ ತಾಗುವ ಉದ್ದ 60 ಮಿ.ಮೀ. ಎಂದುಕೊಳ್ಳಿ. ಸ್ವಿಫ್ಟಿನ ತೂಕ 900 ಕೆ.ಜಿ. ಆಸುಪಾಸು. ಎಂಜಿನ್ ಮುಂದಿರುವುದರಿಂದ ಮುಂಭಾಗ ಎತ್ತಿದಾಗ ಒಂದೊಂದು ಬದಿಗೆ 300 ಕೆ.ಜಿ.ಯಷ್ಟು ಬೀಳುತ್ತದೆ. ಅಂದರೆ 3000 ನ್ಯೂಟನ್, ಅದೂ ಬರೇ 180 ಚದರ ಮಿಲಿಮೀಟರ್ ಮೇಲೆ. ಭಾಗಿಸಿದರೆ ಹದಿನಾರೂವರೆಗಿಂತ ಹೆಚ್ಚು, ಕಲ್ಲಿಗೆ ನಿಗದಿಯಾದ ಮಿತಿಯ ಹತ್ತಿರ ಹತ್ತಿರ ಐದು ಪಟ್ಟು. ಆ ಅಂಚು ಕಲ್ಲಿನ ಮೇಲೆ ಕೂತಿಲ್ಲ, ಪಿಕ್ಕಾಸಿನ ಅಲಗಿನಂತೆ ಊರಿಕೊಂಡಿದೆ.

"ಮೇಲೊಂದು ಹಲಗೆ ಇಟ್ಟರೆ ಭಾರ ಹರಡುವುದಿಲ್ವಾ?" ಹರಡುತ್ತದೆ. ಆದರೂ ಬೇಡ. ಕೆಂಪುಕಲ್ಲಿನ ಹೊಟ್ಟೆಯಲ್ಲಿ ತೂತುಗಳು, ಜೇಡಿ ತುಂಬಿದ ಕೊಳವೆಗಳು ಎಲ್ಲೆಲ್ಲಿ ಇವೆಯೆಂದು ಹೊರಗಿನಿಂದ ಕಾಣುವುದಿಲ್ಲ, ನೀರು ಕುಡಿದ ಕಲ್ಲು ಇನ್ನೂ ಮೆತ್ತಗೆ. ಎಲ್ಲಕ್ಕಿಂತ ಮುಖ್ಯ ಅದು ಮುರಿಯುವ ರೀತಿ. ಭಾರ ಹೆಚ್ಚಾದರೆ ಕಬ್ಬಿಣ ಮೊದಲು ಬಾಗುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಕಲ್ಲು ಕೊನೆಯ ಕ್ಷಣದವರೆಗೂ ಗಟ್ಟಿಯಾಗಿಯೇ ಕಂಡು, ಒಮ್ಮೆಲೇ ಎರಡು ಹೋಳಾಗುತ್ತದೆ. ಹಾಲೋ ಬ್ಲಾಕಿನದ್ದು ಇದಕ್ಕಿಂತ ಕಡೆ. ಅದನ್ನು ಮಗ್ಗುಲಾಗಿ ಇಟ್ಟರೆ ಭಾರ ಬೀಳುವುದು ಅಂಗುಲ ದಪ್ಪದ ಗೋಡೆಯ ನಟ್ಟನಡುವೆ.

ಕಾರಿನ ಜೊತೆ ಬಂದ ಸ್ಕ್ರೂ ಜ್ಯಾಕಿನ ವಿಷಯ ಬೇಗ ಮುಗಿಸಬಹುದು. ರಸ್ತೆ ಬದಿಯಲ್ಲಿ ಟೈರ್ ಬದಲಿಸಲಿಕ್ಕೆ ಅದು ಧಾರಾಳ ಸಾಕು, ಬೇರೆ ಯಾವುದಕ್ಕೂ ಅಲ್ಲ. ಅದರ ತಳ ಅಂಗೈಯಷ್ಟಗಲ. ಒಂದು ಮೂಲೆ ಮಾತ್ರ ಏಳುವುದರಿಂದ ಕಾರು ವಾಲುತ್ತದೆ, ವಾಲಿದಷ್ಟೂ ಜ್ಯಾಕ್ ಓರೆಯಾಗುತ್ತದೆ. ಇನ್ನೊಂದು ತೊಡಕೂ ಉಂಟು. ಅದು ಕೂರುವ ಜಾಗವೂ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಗಳ ಜ್ಯಾಕ್ ಸ್ಟ್ಯಾಂಡ್ ಕೂರಬೇಕಾದ ಜಾಗವೂ ಒಂದೇ.

ಹೈಡ್ರಾಲಿಕ್ ಟ್ರಾಲಿ ಜ್ಯಾಕ್ ಎತ್ತುವುದರಲ್ಲಿ ಎಷ್ಟೋ ಮೇಲು. ಆದರೆ ಅದರ ಮೇಲೆ ನಿಂತ ಕಾರಿನ ಕೆಳಗೂ ತಲೆ ಹಾಕಬಾರದು. ಇಡೀ ಭಾರವನ್ನು ಹಿಡಿದಿರುವುದು ಒಂದು ರಬ್ಬರ್ ಸೀಲ್ ಮತ್ತು ಕಡಲೆ ಕಾಳಿನಷ್ಟು ದೊಡ್ಡ ಉಕ್ಕಿನ ಗುಂಡು. ಆ ಗುಂಡಿನ ಕೆಳಗೆ ಒಂದು ಕಸ ಸಿಕ್ಕಿದರೆ ಆಯಿಲ್ ಹಿಂದಕ್ಕೆ ಸೋರಿ ಜ್ಯಾಕ್ ಇಳಿಯತೊಡಗುತ್ತದೆ. ಜೊತೆಗೆ ಹೆಚ್ಚಿನ ಟ್ರಾಲಿ ಜ್ಯಾಕುಗಳಲ್ಲಿ ಹಿಡಿಯನ್ನು ತಿರುಗಿಸಿದರೇ ಇಳಿಸುವ ವಾಲ್ವ್ ತೆರೆಯುವುದು. ಅಂಗಳದಲ್ಲಿ ಆಡುವ ಮಗು ಆ ಹಿಡಿಯನ್ನು ಕಾಲುಸುತ್ತು ತಿರುಗಿಸಿದರೆ ಸಾಕು.

ಹಾಗಾಗಿ ಎತ್ತಲು ಟ್ರಾಲಿ ಜ್ಯಾಕ್, ಹೊರಲು ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್. ಸ್ವಿಫ್ಟಿಗೆ 2 ಟನ್ನಿನ ಜ್ಯಾಕ್ ನಡೆಯುತ್ತದೆ. ಸ್ಟ್ಯಾಂಡ್ ಮಾತ್ರ 3 ಟನ್ನಿನದು ಕೊಳ್ಳಿ, ಭಾರಕ್ಕಾಗಿ ಅಲ್ಲ, ಅದರ ತಳ ಅಗಲ ಎಂಬ ಕಾರಣಕ್ಕೆ. ಬರೆದ ಟನ್ನು ಒಂದೊಂದು ಸ್ಟ್ಯಾಂಡಿನದೋ ಜೋಡಿಯದೋ ಎಂದು ಲೇಬಲ್ ಓದಿಯೇ ದುಡ್ಡು ಕೊಡಿ. ಕಾಲು ನಾಲ್ಕಿರಲಿ, ಮೂರು ಕಾಲಿನ ಪೈಪ್ ಸ್ಟ್ಯಾಂಡ್ ಅಡ್ಡ ಬಲಕ್ಕೆ ಬೇಗ ಮಗುಚುತ್ತದೆ. ಹಲ್ಲು ಮತ್ತು ಲಾಕಿನ ಸ್ಟ್ಯಾಂಡಿಗಿಂತ ತೂತಿಗೆ ದಪ್ಪ ಪಿನ್ ತೂರಿಸುವ ಸ್ಟ್ಯಾಂಡನ್ನೇ ನಾವು ಮೆಚ್ಚುವುದು. 2020ರಲ್ಲಿ ಅಮೆರಿಕದಲ್ಲಿ 3 ಮತ್ತು 6 ಟನ್ನಿನ ಲಕ್ಷಾಂತರ ಹಲ್ಲಿನ ಸ್ಟ್ಯಾಂಡುಗಳನ್ನು ಗಿರಾಕಿಗಳಿಂದ ವಾಪಸ್ ತರಿಸಿಕೊಳ್ಳಬೇಕಾಯಿತು. ತಯಾರಿಕೆಯ ಅಚ್ಚು ಸವೆದು, ಲಾಕ್ ಹಲ್ಲಿನೊಳಗೆ ಪೂರ್ತಿ ಕೂರುತ್ತಿರಲಿಲ್ಲ. ಹಲ್ಲಿನದೇ ಸಿಕ್ಕಿದರೆ, ಹೆಚ್ಚುವರಿ ಪಿನ್ ಇರುವುದನ್ನು ಆರಿಸಿ.

ಇನ್ನು ನೆಲ. ನಮ್ಮ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ವರ್ಷಕ್ಕೆ 3500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಇಂಟರ್‌ಲಾಕಿನ ಅಡಿಯ ಜಲ್ಲಿ ಹುಡಿ ಮಳೆನೀರಿನ ಜೊತೆ ಅಷ್ಟಷ್ಟೇ ಹರಿದುಹೋಗಿರುತ್ತದೆ. ಮೇಲಿಂದ ನೋಡಿದರೆ ಚಪ್ಪಟೆ, ಅಡಿಯಲ್ಲಿ ಪೊಳ್ಳು. ಸ್ಟ್ಯಾಂಡಿನ ಕಾಲು ಒಂದೇ ಇಟ್ಟಿಗೆಯ ಮೂಲೆ ಮೇಲೆ ಬಿದ್ದರೆ ಆ ಇಟ್ಟಿಗೆ ವಾಲುತ್ತದೆ, ಅದರೊಂದಿಗೆ ಸ್ಟ್ಯಾಂಡೂ. 18 ಮಿ.ಮೀ. ಪ್ಲೈವುಡ್ಡನ್ನು 40 ಸೆಂ.ಮೀ. ಚೌಕವಾಗಿ ನಾಲ್ಕು ತುಂಡು ಮಾಡಿಸಿ, ಎರಡೆರಡನ್ನು ಸ್ಕ್ರೂ ಹಾಕಿ ಜೋಡಿಸಿ, ಒಂದೊಂದು ಸ್ಟ್ಯಾಂಡಿನ ಅಡಿಗೆ ಒಂದೊಂದು ಹಾಸಿ. ಅಡಿಕೆ ಮರದ ಸೀಳುಪಟ್ಟಿ ಬೇಡ, ನಾರಿನ ಉದ್ದಕ್ಕೆ ಸೀಳುತ್ತದೆ. ಮಣ್ಣಿನ ಅಂಗಳವಾದರೆ ಮಳೆಗಾಲ ಮುಗಿದು ನೆಲ ಗಟ್ಟಿಯಾಗುವವರೆಗೆ ಈ ಕೆಲಸವೇ ಬೇಡ. ಆಟಿ ತಿಂಗಳ ಜಡಿಮಳೆಯಲ್ಲಿ ಯಾವ ಹಲಗೆ ಹಾಸಿದರೂ ಒಂದು ಬದಿ ಇಳಿದೇ ಇಳಿಯುತ್ತದೆ. ಸಿಟೌಟ್ ಪಕ್ಕದ ಪೋರ್ಚಿಗೆ ಟೈಲ್ಸ್ ಹಾಕಿದ್ದರೆ ಅಲ್ಲಿಯೂ ಪ್ಲೈವುಡ್ ಬೇಕು, ಅಡಿ ಪೊಳ್ಳಾದ ಟೈಲ್ಸ್ ಚಟ್ಟನೆ ಒಡೆಯುತ್ತದೆ.

ನೀರು ಹರಿದುಹೋಗಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಮೀಟರ್ ಉದ್ದದ ನೇರ ಪಟ್ಟಿ ಇಟ್ಟು, ಅದರ ಮೇಲೆ ಗಾರೆಯವರ ರಸಮಟ್ಟ ಇಡಿ. ಮೀಟರಿಗೆ ಎರಡು ಸೆಂ.ಮೀ.ಗಿಂತ ಹೆಚ್ಚು ಇಳಿಜಾರಿದ್ದರೆ ಬೇರೆ ಜಾಗ ಹುಡುಕಿ. ಕದ್ರಿ, ಮಣಿಪಾಲದಂಥ ಗುಡ್ಡದ ಮನೆಗಳಲ್ಲಿ ಗೇಟಿನ ರ‍್ಯಾಂಪಿನ ಮೇಲೆಯೇ ಕಾರು ಎತ್ತುವುದನ್ನು ಕಾಣಬಹುದು, ಅದಂತೂ ಆಗಲೇಬಾರದು.

ಈಗ ಕೆಲಸ. ಚಕ್ರ ಬಿಚ್ಚುವುದಿದ್ದರೆ ಅದರ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಡಿ. ಎತ್ತಿದ ಮೇಲೆ ತುಕ್ಕು ಹಿಡಿದ ನಟ್ಟಿಗೆ ಉದ್ದದ ಪೈಪ್ ಹಾಕಿ ಜಗ್ಗುವುದೇ ಕಾರು ಸ್ಟ್ಯಾಂಡಿನಿಂದ ಜಾರಲು ದೊಡ್ಡ ಕಾರಣ. ಮುಂಭಾಗ ಎತ್ತುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಎರಡೂ ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಅಡೆ ಎಂದರೆ ಹಲಸಿನ ತುಂಡನ್ನು ಓರೆಯಾಗಿ ಕೊಯ್ಸಿದ ಬೆಣೆ, ಟೈರಿನ ಎತ್ತರದ ಕಾಲುಭಾಗದಷ್ಟು ಇರಲಿ. ನಿಮ್ಮ ಕೆಂಪುಕಲ್ಲುಗಳಿಗೆ ಇಲ್ಲಿ ಕೆಲಸ ಉಂಟು, ಬೆಣೆಯ ಹಿಂದೆ ಒತ್ತಾಗಿ ಇಡಿ.

ಹಿಂಭಾಗ ಎತ್ತುವಾಗ ಲೆಕ್ಕವೇ ಬೇರೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವು ಗಾಳಿಯಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆಗ ಫಸ್ಟ್ ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಅಡೆ ಕೊಡಬೇಕು. ಗೇರನ್ನೇ ನಂಬಿ ಮುಂದಿನ ಒಂದು ಚಕ್ರ ಮಾತ್ರ ಎತ್ತುವವರಿಗೂ ಒಂದು ಮಾತು. ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತ, ನೆಲದ ಮೇಲಿನದ್ದು ಮುಂದಕ್ಕೆ ಉರುಳಬಲ್ಲದು. ಆಟೊಮ್ಯಾಟಿಕ್ ಕಾರಿನ 'ಪಿ' (ಪಾರ್ಕಿಂಗ್) ಗೇರಿನದ್ದೂ ಇದೇ ಕಥೆ.

ಜ್ಯಾಕನ್ನು ಮುಂದಿನ ಸಬ್‌ಫ್ರೇಮಿನ, ಅಂದರೆ ಎಂಜಿನ್ನಿನ ಅಡಿಯ ಗಟ್ಟಿ ಉಕ್ಕಿನ ಚೌಕಟ್ಟಿನ, ನಡುವಿಗೆ ಕೊಡುವುದು ಕ್ರಮ. ಹಿಂಭಾಗಕ್ಕೆ ಎಲ್ಲಿ ಕೊಡಬೇಕೆಂದು ಮ್ಯಾನ್ಯುಯಲ್ ನೋಡಿ. ಆಯಿಲ್ ಸಂಪ್, ರೇಡಿಯೇಟರಿನ ಅಡಿಪಟ್ಟಿ, ತಗಡಿನ ನೆಲ, ಇವಕ್ಕೆ ಕೊಟ್ಟರೆ ತಗ್ಗು ಬೀಳುವುದು ಖಂಡಿತ. ಟ್ರಾಲಿ ಜ್ಯಾಕಿನ ತೋಳು ನೇರ ಮೇಲೇರುವುದಿಲ್ಲ, ಕಮಾನಿನಂತೆ ಏರುತ್ತದೆ. ಅದಕ್ಕೆ ಸರಿಯಾಗಿ ಜ್ಯಾಕ್ ತನ್ನ ಚಕ್ರಗಳ ಮೇಲೆ ಉರುಳಬೇಕು. ಇಂಟರ್‌ಲಾಕಿನ ಸಂದಿಯಲ್ಲಿ ಆ ಕಬ್ಬಿಣದ ಪುಟ್ಟ ಚಕ್ರ ಸಿಕ್ಕಿಬಿದ್ದರೆ ಜ್ಯಾಕಿನ ತಲೆ ಸಬ್‌ಫ್ರೇಮಿನ ಮೇಲೆ ಚೂರು ಚೂರೇ ಜಾರುತ್ತದೆ, ಕಿರ್ರ್ ಎಂದು ಸದ್ದು ಬರುತ್ತದೆ. ಸದ್ದು ಕೇಳಿದ ಕೂಡಲೇ ಇಳಿಸಿ. ಜ್ಯಾಕಿನ ಅಡಿಗೆ ನಾಲ್ಕಡಿ ಉದ್ದದ ಪ್ಲೈವುಡ್ ಹಾಸಿದರೆ ಈ ಕಾಟ ಇಲ್ಲ.

ಬೇಕಾದಷ್ಟೇ ಎತ್ತಿ. ಸ್ಟ್ಯಾಂಡಿನ ತಲೆ ಮೊದಲ ಇಲ್ಲವೇ ಎರಡನೇ ಹಂತದಲ್ಲಿರಲಿ, ಎರಡೂ ಬದಿ ಒಂದೇ ಎತ್ತರದಲ್ಲಿರಲಿ. ಸ್ಟ್ಯಾಂಡಿನ ಜಾಗ ಮುಂದಿನ ಚಕ್ರದ ಹಿಂದೆ, ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವಿನ ಗಟ್ಟಿ ಭಾಗ. ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಇಟ್ಟರೆ ಅಂಚು ಮಡಚುವುದಿಲ್ಲ. ಕಡಲ ಗಾಳಿಯ ಊರಿನವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಹತ್ತು ವರ್ಷ ಓಡಿದ ಕಾರಿನ ಆ ಅಂಚು ಪೇಂಟಿನ ಒಳಗೇ ತುಕ್ಕು ತಿಂದಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂದರೆ ಸರಿ. ಬೊದ್ದು ಸದ್ದು ಬಂದು ಕಂದು ಹುಡಿ ಉದುರಿದರೆ ಅಲ್ಲಿ ಸ್ಟ್ಯಾಂಡ್ ಕೊಡಬೇಡಿ, ಆ ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ದು ಮೊದಲು ತುಕ್ಕನ್ನೇ ತೋರಿಸಿ. ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಚಾಸಿಯ ಗಾಡಿಗಳಲ್ಲಿ ಸ್ಟ್ಯಾಂಡನ್ನು ಚಾಸಿಗೋ ಹಿಂದಿನ ಆಕ್ಸಲಿಗೋ ಕೊಡುತ್ತಾರೆ. ವಿದ್ಯುತ್ ಕಾರಾದರೆ ಅಡಿಯಿಡೀ ಬ್ಯಾಟರಿ, ಮ್ಯಾನ್ಯುಯಲ್ ತೋರಿಸಿದ ಜಾಗ ಬಿಟ್ಟು ಒಂದಂಗುಲವೂ ಆಚೀಚೆ ಬೇಡ.

ಪಿನ್ ಪೂರ್ತಿ ಒಳಗೆ ಹೋಯಿತೇ, ಲಾಕ್ ಹಲ್ಲಿಗೆ ಕೂತಿತೇ ಎಂದು ಬಗ್ಗಿ ಕಣ್ಣಾರೆ ನೋಡಿ, ಆಮೇಲೆ ಜ್ಯಾಕನ್ನು ಮೆಲ್ಲ ಇಳಿಸಿ. ಭಾರ ಸ್ಟ್ಯಾಂಡಿಗೆ ಬಂದ ಮೇಲೆ ಜ್ಯಾಕನ್ನು ಹೊರಗೆ ಎಳೆಯಬೇಡಿ, ಸಬ್‌ಫ್ರೇಮಿಗೆ ತಾಗಿಯೂ ತಾಗದಂತೆ ಮತ್ತೆ ಏರಿಸಿ, ಹಿಡಿಯನ್ನು ಕಳಚಿ ಒಳಗಿಡಿ. ಡಿಕ್ಕಿಯ ಸ್ಟೆಪ್ನಿಯನ್ನು ಎತ್ತುವ ಮೊದಲೇ ತೆಗೆದಿಟ್ಟುಕೊಂಡಿರಿ, ಈಗ ಅದನ್ನೂ ಬಿಚ್ಚಿದ ಚಕ್ರವನ್ನೂ ಬಾಗಿಲ ಅಂಚಿನ ಅಡಿಗೆ ಮಲಗಿಸಿ. ಎಲ್ಲವೂ ಕೈಕೊಟ್ಟರೂ ಕಾರು ಆ ಟೈರುಗಳ ಮೇಲೆ ನಿಲ್ಲುತ್ತದೆ, ಎದೆಯ ಮೇಲಲ್ಲ. ಆಮೇಲೆ ಅಡಿಗೆ ಹೋಗುವ ಮೊದಲು ಬಂಪರಿನ ಹತ್ತಿರ ನಿಂತು ಕಾರನ್ನು ಅಡ್ಡಕ್ಕೂ ಉದ್ದಕ್ಕೂ ಜೋರಾಗಿ ತಳ್ಳಿ. ಸ್ಪ್ರಿಂಗಿನ ಮೇಲೆ ತೂಗಿದರೆ ಅಡ್ಡಿಯಿಲ್ಲ, ಸ್ಟ್ಯಾಂಡಿನ ಕಾಲು ಅಲುಗಬಾರದು. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ನಾಲ್ಕೂ ಚಕ್ರ ಒಟ್ಟಿಗೆ ಎತ್ತುವುದನ್ನು ಮನೆಯಲ್ಲಿ ಆದಷ್ಟು ತಪ್ಪಿಸಿ. ಮುಂಭಾಗ ಸ್ಟ್ಯಾಂಡಿನ ಮೇಲಿರುವಾಗ ಹಿಂಭಾಗ ಎತ್ತಿದರೆ ಕಾರಿನ ಕೋನ ಬದಲಾಗಿ ಮುಂದಿನ ಸ್ಟ್ಯಾಂಡುಗಳು ಓರೆಯಾಗುತ್ತವೆ, ಅಡೆ ಕೊಡಲು ನೆಲದಲ್ಲಿ ಒಂದು ಚಕ್ರವೂ ಉಳಿಯುವುದಿಲ್ಲ. ನೀವು ಹೇಳಿದ ಎರಡು ಕೆಲಸಗಳಿಗೂ ಅದು ಬೇಕಿಲ್ಲ. ಆಯಿಲ್ ಬದಲಿಸಲಿಕ್ಕಷ್ಟೇ ಆದರೆ, ಕಾರನ್ನು ಹತ್ತಿಸಿ ನಿಲ್ಲಿಸುವ ಉಕ್ಕಿನ ರ‍್ಯಾಂಪ್ ಜೋಡಿಯೇ ನಮ್ಮ ಆಯ್ಕೆ. ಜ್ಯಾಕೂ ಬೇಡ, ಸ್ಟ್ಯಾಂಡೂ ಬೇಡ, ಹಿಂದಿನ ಚಕ್ರಗಳಿಗೆ ಅಡೆ ಮಾತ್ರ ಬೇಕು. ಪಾಚಿ ಕಟ್ಟಿದ ಒದ್ದೆ ಇಂಟರ್‌ಲಾಕಿನ ಮೇಲೆ ಮಾತ್ರ ರ‍್ಯಾಂಪ್ ಟೈರಿಗೆ ಸಿಗದೆ ಮುಂದಕ್ಕೆ ಓಡುತ್ತದೆ. ಅದರ ಅಡಿಗೆ ರಬ್ಬರ್ ಮ್ಯಾಟ್ ಹಾಸಿ.

ಕಾರು ಮೇಲಿರುವಷ್ಟು ಹೊತ್ತು ಒಳಗೆ ಯಾರೂ ಕೂರಬಾರದು, ಬಾಗಿಲು ಬಡಿಯಬಾರದು. ಮನೆಯಲ್ಲಿ ಒಬ್ಬರಿಗಾದರೂ ನೀವು ಕಾರಿನಡಿ ಇದ್ದೀರೆಂದು ಗೊತ್ತಿರಲಿ.

ಇಳಿಸುವಾಗ ಅಡಿಯಲ್ಲಿ ಸ್ಪ್ಯಾನರ್, ಬೆಕ್ಕು ಏನೂ ಇಲ್ಲವೆಂದು ನೋಡಿ, ಜ್ಯಾಕನ್ನು ಚೂರು ಏರಿಸಿ ಸ್ಟ್ಯಾಂಡ್ ತೆಗೆಯಿರಿ. ಹಿಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ, ಜಾಸ್ತಿ ತಿರುಗಿಸಿದರೆ ಕಾರು ದಡ್ಡನೆ ಕೂರುತ್ತದೆ. ನಟ್ಟುಗಳನ್ನು ಎದುರುಬದುರು ಬಿಗಿಯುತ್ತ ಬನ್ನಿ, ಕೊನೆಯ ಬಿಗಿತ ಚಕ್ರ ನೆಲಕ್ಕೆ ತಾಗಿದ ಮೇಲೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಕಾರಿನದ್ದು ಮ್ಯಾನ್ಯುಯಲಿನಲ್ಲಿ ಸಿಗುತ್ತದೆ. ಐವತ್ತು, ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿದು ನೋಡಿ. ಸ್ಟ್ಯಾಂಡುಗಳನ್ನು ಅಂಗಳದಲ್ಲಿ ಬಿಡದೆ ಒರೆಸಿ, ಪಿನ್ನಿಗೆ ತುಸು ಗ್ರೀಸ್ ಸವರಿ ಒಳಗಿಡಿ. ಮುಂದಿನ ಸಲ ಹೊರತೆಗೆದಾಗ ಕಾಲಿನ ವೆಲ್ಡಿಂಗಿನಲ್ಲಿ ಕೂದಲಿನಂಥ ಬಿರುಕು ಕಂಡರೂ ಗುಜರಿಗೆ ಹಾಕಿ, ವೆಲ್ಡ್ ಮಾಡಿಸಿ ಮತ್ತೆ ಬಳಸಬೇಡಿ.