ಕಣ್ಣಿಗೆ ಎರಡನೇ ಬಾಟಲಿ ಯಾಕೆ?

"ಡಾಕ್ಟರು ಇನ್ನೊಂದು ಡ್ರಾಪ್ಸ್ ಬರೆದಿದ್ದಾರೆ. ಹಾಗಾದ್ರೆ ಮೊದಲಿನದು ದಂಡ ಆಯ್ತಾ?" ಮಡಿಕೇರಿಯಲ್ಲಿರಲಿ, ವಿರಾಜಪೇಟೆಯಲ್ಲಿರಲಿ, ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಸಾಯುತ್ತಾ ಹೋಗುವ ಕಾಯಿಲೆ) ಇರುವವರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಕೆಲವರಂತೂ ಹೊಸದು ಬಂತೆಂದು ಹಳೇ ಬಾಟಲಿಯನ್ನೇ ಬಿಟ್ಟುಬಿಡುತ್ತಾರೆ. ಡಾಕ್ಟರು ಹೇಳದೆ ಹಾಗೆ ಮಾಡಬೇಡಿ. ಹೆಚ್ಚಿನ ಸಲ ಎರಡನೆಯದು ಬರುವುದು ಮೊದಲನೆಯದರ ಜೊತೆಗೆ ದುಡಿಯಲು.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಹುಟ್ಟುತ್ತಾ, ಸದಾ ಹೊರಗೆ ಹೋಗುತ್ತಾ ಇರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ತೋಟದ ಕೆರೆ ತುಂಬಿ ಏರಿಗೆ ಒತ್ತಡ ಬಿದ್ದರೆ ಏನು ಮಾಡುತ್ತೇವೆ? ಬರುವ ನೀರನ್ನು ತಗ್ಗಿಸುತ್ತೇವೆ, ಇಲ್ಲವೇ ತೂಬು ತೆಗೆಯುತ್ತೇವೆ. ಕಣ್ಣಿನ ಒತ್ತಡ ಇಳಿಸುವ ಡ್ರಾಪ್ಸ್‌ಗಳೂ ಹಾಗೆಯೇ. ಟಿಮೊಲಾಲ್, ಡಾರ್ಜೊಲಮೈಡ್ ಎಂಬ ಔಷಧಿಗಳು ಬರುವ ನೀರನ್ನು ತಗ್ಗಿಸುತ್ತವೆ. ಲ್ಯಾಟನೊಪ್ರಾಸ್ಟ್ ತೂಬಿನ ಕಡೆ ಕೆಲಸ ಮಾಡುತ್ತದೆ. ಬ್ರಿಮೊನಿಡಿನ್ ಎರಡೂ ಕಡೆ. ನಿದ್ದೆಯಲ್ಲಿ ದ್ರವ ಹುಟ್ಟುವುದೇ ಕಡಿಮೆ, ಹಾಗಾಗಿ ರಾತ್ರಿ ಟಿಮೊಲಾಲ್‌ಗೆ ಅಷ್ಟು ಕೆಲಸವಿಲ್ಲ. ಲ್ಯಾಟನೊಪ್ರಾಸ್ಟ್ ಹಗಲೂ ರಾತ್ರಿಯೂ ದುಡಿಯುತ್ತದೆ. ಎಂಥ ಒಳ್ಳೆಯ ಜೋಡಿ, ಅಲ್ವಾ?

ಈ ಔಷಧಿಗಳ ಕಥೆ ಶುರುವಾಗಿದ್ದು ವಿಷದಿಂದ. ಪಶ್ಚಿಮ ಆಫ್ರಿಕಾದ ಕಲಬಾರ್ ಕಡೆ ಆರೋಪ ಹೊತ್ತವರಿಗೆ ಒಂದು ಬೀಜ ತಿನ್ನಿಸುತ್ತಿದ್ದರು. ಸತ್ತರೆ ತಪ್ಪಿತಸ್ಥ, ವಾಂತಿ ಮಾಡಿ ಬದುಕಿದರೆ ನಿರಪರಾಧಿ. ಅದೇ ಬೀಜದ ಸಾರವನ್ನು 1870ರ ದಶಕದಲ್ಲಿ ಗ್ಲಾಕೋಮಾಗೆ ಬಳಸಿದರು. ಅದರ ಬೆನ್ನಿಗೇ ಪೈಲೊಕಾರ್ಪಿನ್ ಎಂಬ ಇನ್ನೊಂದು ಔಷಧಿ ಬಂತು. ಅಮೆರಿಕದಲ್ಲಿ ಟಿಮೊಲಾಲ್‌ಗೆ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಲ್ಯಾಟನೊಪ್ರಾಸ್ಟ್‌ಗೆ 1996ರಲ್ಲಿ.

ಈಗ ಲೆಕ್ಕ. ಕಣ್ಣಿನ ಒತ್ತಡ 28 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಇತ್ತು ಅನ್ನಿ. ಒಂದು ಔಷಧಿ ಶೇಕಡ 30 ಇಳಿಸಿದರೆ ಸುಮಾರು 20ಕ್ಕೆ ಬರುತ್ತದೆ. ಇನ್ನೊಂದರ ಶೇಕಡ 25ನ್ನು ಆ 20ರಲ್ಲಿ ಕಳೆಯಬೇಕು, 28ರಲ್ಲಲ್ಲ. ನಿಜವಾಗಿ ಸಿಗುವುದು ಅದಕ್ಕಿಂತಲೂ ಕಡಿಮೆಯೇ. ಒಂದೇ ಗುಂಪಿನ ಎರಡನ್ನು, ಲ್ಯಾಟನೊಪ್ರಾಸ್ಟ್ ಜೊತೆ ಅದರದೇ ಜಾತಿಯ ಇನ್ನೊಂದನ್ನು ಅನ್ನಿ, ಸೇರಿಸಿದರಂತೂ ಲಾಭವಿಲ್ಲ, ತೊಂದರೆ ಜಾಸ್ತಿ.

ಹಾಕುವ ರೀತಿಯಲ್ಲೂ ವಿಷಯವಿದೆ. ಕಣ್ಣಿನ ಮೇಲೆ ನಿಲ್ಲುವುದು ಸುಮಾರು 30 ಮೈಕ್ರೋಲೀಟರ್ ಅಷ್ಟೇ. ಒಂದು ಹನಿಯೇ ಅದಕ್ಕೆ ಸಾಕು, ಎಷ್ಟೋ ಸಲ ಜಾಸ್ತಿ. ಒಂದರ ಹಿಂದೆಯೇ ಇನ್ನೊಂದು ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದು ಕೆನ್ನೆಗೆ ಇಳಿಸುತ್ತದೆ. ಮಧ್ಯೆ ಕನಿಷ್ಠ 5 ನಿಮಿಷ ಬಿಡಿ. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಅಲ್ಲಿಂದ ಮೂಗಿಗೆ ಸಣ್ಣ ನಾಳವಿದೆ. ಒತ್ತದಿದ್ದರೆ ಔಷಧಿ ಅದರಲ್ಲಿ ಇಳಿದು ರಕ್ತ ಸೇರುತ್ತದೆ.

ಇದನ್ನೆಲ್ಲ ಬಿಟ್ಟು ಜೇನು, ಈರುಳ್ಳಿ ರಸ ಬಿಡುವವರನ್ನು ನೆನೆದರೆ ಸಂಕಟವಾಗುತ್ತದೆ. ಅವು ಒಳಗಿನ ಒತ್ತಡವನ್ನು ಇಳಿಸುವುದಿಲ್ಲ. ಅಷ್ಟರಲ್ಲಿ ಸತ್ತ ನರ ಮತ್ತೆ ಚಿಗುರುವುದೂ ಇಲ್ಲ.

ನಮ್ಮ ಮಳೆಗಾಲದಲ್ಲಿ ಉಬ್ಬಸ ಏಳುವವರು ಇನ್ನೊಂದು ಗಮನಿಸಬೇಕು. ಟಿಮೊಲಾಲ್ ಶ್ವಾಸನಾಳವನ್ನು ಬಿಗಿಸಬಲ್ಲದು. ಎರಡು ಔಷಧಿ ಒಂದೇ ಬಾಟಲಿಯಲ್ಲಿ ಬರುವ ಡ್ರಾಪ್ಸ್‌ನಲ್ಲಿ ಅನೇಕ ಸಲ ಅದೂ ಇರುತ್ತದೆ. ಇನ್‌ಹೇಲರ್ ಬಳಸುವವರು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಬೇರೆ ಜೋಡಿ ಬರೆದುಕೊಡುತ್ತಾರೆ.