ನೆರಳನ್ನು ಓದಬಲ್ಲ ಕಣ್ಣು

ದೂರದರ್ಶಕ ಕೈಗೆ ಸಿಕ್ಕಿದ್ದರಿಂದಲೇ ಗೆಲಿಲಿಯೋಗೆ ಚಂದ್ರನ ಬೆಟ್ಟಗಳು ಕಾಣಿಸಿದವು ಎಂದು ಶಾಲೆಯಲ್ಲಿ ಓದಿದವರೇ ನಾವೆಲ್ಲ. ಅದು ಅರ್ಧ ಸತ್ಯ ಮಾತ್ರ. ಅವನಿಗಿಂತ ಕೆಲವು ತಿಂಗಳು ಮೊದಲೇ, 1609ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದಿದ್ದ. ಹ್ಯಾರಿಯಟ್ ದೊಡ್ಡ ಗಣಿತಜ್ಞ. ಆದರೂ ಆ ಹಾಳೆಯಲ್ಲಿರುವುದು ಬೆಳಕನ್ನೂ ಕತ್ತಲನ್ನೂ ಬೇರ್ಪಡಿಸುವ ಒಂದು ಅಂಕುಡೊಂಕು ಗೆರೆ, ಜೊತೆಗೆ ಕೆಲವು ಮಸಿಕಲೆಗಳು, ಅಷ್ಟೇ.

ಅದೇ ನವೆಂಬರ್ ಕೊನೆಯಲ್ಲಿ ನೋಡಲು ಕುಳಿತ ಗೆಲಿಲಿಯೋನ ದೂರದರ್ಶಕ ಹೆಚ್ಚು ಬಲವುಳ್ಳದ್ದೇನೋ ನಿಜ. ಆದರೆ ಅವನಿಗೆ ಚಿತ್ರಕಲೆಯ ಅಭ್ಯಾಸವೂ ಇತ್ತು. ಒಸ್ಟಿಲಿಯೋ ರಿಚ್ಚಿಯ ಬಳಿ ಗಣಿತ ಕಲಿತವರಲ್ಲಿ ಅವನ ಜೊತೆಗೆ ಚಿತ್ರಕಾರ ಚಿಗೋಲಿಯೂ ಇದ್ದ. ಅಂದಿನ ಇಟಲಿಯ ಚಿತ್ರಕಾರರಿಗೆ, ಉಬ್ಬುತಗ್ಗುಗಳ ಮೇಲೆ ಬೆಳಕು ಹೇಗೆ ಬೀಳುತ್ತದೆಂಬುದು ಅಕ್ಷರಾಭ್ಯಾಸದಷ್ಟೇ ಮೊದಲಿನ ಪಾಠ.

ಉತ್ತ ಹೊಲ ನಡುಮಧ್ಯಾಹ್ನದಲ್ಲಿ ಒಂದೇ ಬಣ್ಣದ ಬಯಲಾಗಿ ಕಾಣುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಒಂದೊಂದು ಸಾಲೂ ಪಕ್ಕಕ್ಕೆ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಸುಣ್ಣ ಬಳಿದ ಗೋಡೆಗೆ ಟಾರ್ಚನ್ನು ತಾಗಿಸಿ ಹಿಡಿದರೆ ಗಾರೆಯವನ ಕರಣೆಯ ಗುರುತುಗಳೆಲ್ಲ ಮೇಲೇಳುತ್ತವೆ. ಕುಳಿಯಾದರೆ ಬೆಳಕಿನ ಕಡೆಯ ಒಳಗೋಡೆ ಕಪ್ಪು, ಎದುರುಗೋಡೆ ಬಿಳಿ, ದಿಬ್ಬವಾದರೆ ತಿರುಗುಮುರುಗು. ಗೆಲಿಲಿಯೋ ಕಂದು ಶಾಯಿಯನ್ನು ನೀರಿನಲ್ಲಿ ತೆಳುಮಾಡಿ, ಕುಂಚದಿಂದ ಚಂದ್ರನ ಮೇಲೆ ಬರೆದದ್ದು ಈ ನಿಯಮವನ್ನೇ. ಕತ್ತಲ ಭಾಗದೊಳಗೆ ಒಂಟಿಯಾಗಿ ಮಿನುಗುವ ಚುಕ್ಕೆಗಳು ಗಂಟೆಗಳು ಕಳೆದಂತೆ ಹಿಗ್ಗಿ ಬೆಳಕಿನ ಭಾಗವನ್ನು ಸೇರಿಕೊಳ್ಳುತ್ತಿದ್ದವು. ಕಣಿವೆಗಿಂತ ಮೊದಲು ಶಿಖರಕ್ಕೆ ಬೆಳಗಾಗುವುದನ್ನು ಬೆಟ್ಟದ ನಾಡಿನವರೆಲ್ಲ ಬಲ್ಲರು. ಅವನಿಗೂ ಅದೇ ಹೊಳೆಯಿತು.

ಅಲ್ಲಿಂದ ಮುಂದೆ ಪೈಥಾಗೊರಸನ ಪ್ರಮೇಯವೇ ಸಾಕಾಯಿತು. ಗೆಲಿಲಿಯೋನ ಲೆಕ್ಕದಲ್ಲಿ ಚಂದ್ರನ ತ್ರಿಜ್ಯ 1000 ಮೈಲಿ, ಬೆಳಕಿನ ಅಂಚಿನಿಂದ ಆ ಚುಕ್ಕೆಗೆ 100 ಮೈಲಿ. ಅಂಚನ್ನು ಸವರಿಕೊಂಡು ಬಂದ ಕಿರಣ ತಾಗಬೇಕಾದರೆ ಶಿಖರ 4 ಮೈಲಿಗಿಂತ ಎತ್ತರವಿರಲೇಬೇಕು. ಚಂದ್ರ ನುಣುಪಾದ ದಿವ್ಯಗೋಳವೆಂಬ ಅರಿಸ್ಟಾಟಲನ ಕಾಲದ ನಂಬಿಕೆ ಒಂದು ಲಂಬಕೋನ ತ್ರಿಭುಜದ ಮುಂದೆ ನಿಲ್ಲಲಿಲ್ಲ. ಇಂಥ ಪತನವನ್ನು ಎಷ್ಟು ಸಲ ಓದಿದರೂ ನನಗೆ ಸಂತೋಷವೇ.

ಚಿಗೋಲಿ 1612ರ ಹೊತ್ತಿಗೆ ರೋಮಿನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಗುಮ್ಮಟದಲ್ಲಿ ಮೇರಿಮಾತೆಯ ಪಾದದಡಿ ಕುಳಿಗಳಿರುವ ಚಂದ್ರನನ್ನೇ ಚಿತ್ರಿಸಿದ. ಹ್ಯಾರಿಯಟ್ ಕೂಡ, ಗೆಲಿಲಿಯೋನ ಪುಸ್ತಕ ಹೊರಬಂದ ಮೇಲೆ, 1610ರ ಜುಲೈಯಲ್ಲಿ ಚಂದ್ರನನ್ನು ಮತ್ತೆ ಬರೆದ. ಈ ಸಲದ ಹಾಳೆಯಲ್ಲಿ ಕುಳಿಗಳಿದ್ದವು.