ಸರ್ಚ್ ಸರ್ವರ್‌ನ ಪೋರ್ಟ್ ಯಾರಿಗೆ ಕಾಣಬೇಕು?

ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಹುಡುಗರು ಎಲಾಸ್ಟಿಕ್‌ಸರ್ಚ್ ಅಥವಾ ಸೋಲರ್ ಎಂಬ ಹುಡುಕಾಟದ ತಂತ್ರಾಂಶವನ್ನು ಅಳವಡಿಸಿದೊಡನೆ ಪಾಸ್‌ವರ್ಡ್ ಇಡುವ ಬಗೆಯನ್ನು ಕೇಳುತ್ತಾರೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು, ಆ ಸರ್ವರ್‌ನ ಪೋರ್ಟ್, ಅಂದರೆ ಕೋರಿಕೆಗಳು ಒಳಬರುವ ಸಂಖ್ಯೆಯುಳ್ಳ ಬಾಗಿಲಿನ ತನಕ ಯಾವ ಯಾವ ಯಂತ್ರಗಳು ಬರಬಹುದು ಎಂಬುದು. ಎಲಾಸ್ಟಿಕ್‌ಸರ್ಚ್‌ನಲ್ಲಿ ಹುಡುಕಾಟದ ಕೋರಿಕೆ ಬರುವ 9200 ಪೋರ್ಟ್‌ನಲ್ಲೇ ಇಡೀ ಇಂಡೆಕ್ಸನ್ನು (ಹುಡುಕಲು ಜೋಡಿಸಿಟ್ಟ ದತ್ತಾಂಶವನ್ನು) ಅಳಿಸುವ ಕೋರಿಕೆಯೂ ಬರುತ್ತದೆ. ಸೋಲರ್‌ನ 8983ರ ಕಥೆಯೂ ಅದೇ. ಗ್ರಾಹಕರ ಬ್ರೌಸರ್ ಅಪ್ಲಿಕೇಶನ್ ಸರ್ವರ್‌ನೊಡನೆ ಮಾತನಾಡಿದರೆ ಸಾಕು, ಸರ್ಚ್ ಸರ್ವರ್‌ನೊಡನೆ ನೇರವಾಗಿ ಮಾತನಾಡುವ ಅಗತ್ಯವೇ ಇಲ್ಲ.

2015ರ 2.0 ಆವೃತ್ತಿಯಿಂದ 8.0 ಬರುವ ತನಕ ಎಲಾಸ್ಟಿಕ್‌ಸರ್ಚ್, ನಾವು ಬದಲಿಸದ ಹೊರತು, ತಾನಿರುವ ಯಂತ್ರದ ಒಳಗಿನ ಕೋರಿಕೆಗಳಿಗಷ್ಟೇ ಓಗೊಡುತ್ತಿತ್ತು; 8ರ ಆವೃತ್ತಿಗಳಲ್ಲಿ ಅಳವಡಿಕೆಯ ವೇಳೆ ತಾನಾಗಿ ಆಗುವ ಸಂಯೋಜನೆಯೇ 9200ನ್ನು ಬೇರೆ ಯಂತ್ರಗಳಿಗೂ ತೆರೆದಿಡಬಹುದು. ಹಳೆಯ ಆವೃತ್ತಿಗಳಲ್ಲಿ ತೊಂದರೆ ಶುರುವಾಗುತ್ತಿದ್ದುದು ಎರಡನೆಯ ಯಂತ್ರದಿಂದ ಅದನ್ನು ತಲುಪಬೇಕಾದಾಗ, ಯಾರೋ ಅವಸರದಲ್ಲಿ ವಿಳಾಸದ ಜಾಗದಲ್ಲಿ 0.0.0.0, ಅಂದರೆ ‘ಯಂತ್ರದ ಎಲ್ಲ ವಿಳಾಸಗಳಲ್ಲೂ ಓಗೊಡು’ ಎಂದು ಬರೆದಾಗ. ಹೀಗೆ ತೆರೆದಿಟ್ಟ ಸರ್ವರ್‌ಗಳ ದತ್ತಾಂಶವನ್ನು ಅಳಿಸಿ ಹಣ ಕೇಳುವ ದಾಳಿಗಳು 2017ರ ಜನವರಿಯಲ್ಲಿ ನಡೆದವು. 2020ರ ‘ಮಿಯಾಂವ್’ ದಾಳಿಯಲ್ಲಂತೂ ಹಣವನ್ನೂ ಕೇಳದೆ ಅಳಿಸಿ ಹೋದರು.

ಆ ಜಾಗದಲ್ಲಿ ಬರೆಯಬೇಕಾದದ್ದು 10.0.1.20ರಂಥ ಖಾಸಗಿ ವಿಳಾಸವನ್ನು. ಅಮೆಜಾನ್ ಕ್ಲೌಡ್‌ನ ಮುಂಬಯಿ ವಲಯದಲ್ಲಿ ಸರ್ವರ್ ಇದ್ದರೆ, ಅದರ ಸೆಕ್ಯೂರಿಟಿ ಗ್ರೂಪ್‌ನ (ಯಾರು ಒಳಬರಬಹುದೆಂಬ ನಿಯಮಗಳ ಗುಂಪಿನ) ನಿಯಮದಲ್ಲಿ ಕೋರಿಕೆಯ ಮೂಲವಾಗಿ ಅಪ್ಲಿಕೇಶನ್ ಸರ್ವರ್‌ನ ಸೆಕ್ಯೂರಿಟಿ ಗ್ರೂಪನ್ನೇ ಸೂಚಿಸಬಹುದು. ಕಚೇರಿಯ ಬ್ರಾಡ್‌ಬ್ಯಾಂಡ್ ವಿಳಾಸವನ್ನು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಆ ವಿಳಾಸ ಸ್ಥಿರವಾದದ್ದಲ್ಲದಿದ್ದರೆ ನಾಳೆ ಇನ್ನಾರದೋ ಪಾಲಾಗಬಹುದು. ನಿರ್ವಹಣೆಯ ಕೆಲಸಕ್ಕೆ ಎಸ್‌ಎಸ್‌ಎಚ್ ಟನೆಲ್ ಎಂಬ ಗೂಢಲಿಪಿಯ ದಾರಿ ಇದ್ದೇ ಇದೆ.

ಅನುಭವಿಗಳೂ ಎಡವುವುದು, ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ನಡೆಸುವ ಡಾಕರ್‌ನಲ್ಲಿ. ಲಿನಕ್ಸ್‌ನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 9200ನ್ನು ನಿರ್ಬಂಧಿಸಿ, ಕಂಟೇನರನ್ನು ‘9200:9200’ (ಯಂತ್ರದ ಪೋರ್ಟ್, ಕಂಟೇನರ್‌ನ ಪೋರ್ಟ್) ಎಂದು ಆರಂಭಿಸಿದ್ದ ಯಂತ್ರವೊಂದನ್ನು ಇಲ್ಲಿಯೇ ನೋಡಿದ್ದೇನೆ. ಫೈರ್‌ವಾಲ್‌ನ ಪಟ್ಟಿಯಲ್ಲಿ ನಿರ್ಬಂಧ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಮೊಬೈಲ್ ಡೇಟಾದಿಂದ ಆ ವಿಳಾಸವನ್ನು ತೆರೆದರೆ ಕ್ಲಸ್ಟರ್‌ನ (ಸರ್ವರ್‌ಗಳ ಗುಂಪಿನ) ಹೆಸರು, ಆವೃತ್ತಿಯ ಸಂಖ್ಯೆ, ಕೊನೆಗೆ ಎಲಾಸ್ಟಿಕ್‌ಸರ್ಚ್‌ನದೇ ‘ಯು ನೋ, ಫಾರ್ ಸರ್ಚ್’ ಎಂಬ ಸಾಲು ಮೂಡುತ್ತಿತ್ತು. ಡಾಕರ್ ಲಿನಕ್ಸ್‌ನ ಜಾಲ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ಗೆ ತನ್ನದೇ ನಿಯಮಗಳನ್ನು ಸೇರಿಸಿ ಕೋರಿಕೆಯನ್ನು ನೇರ ಕಂಟೇನರ್‌ಗೆ ದಾಟಿಸುವುದರಿಂದ, ಅದು ಯುಎಫ್‌ಡಬ್ಲ್ಯು ಕಾವಲಿರುವ ದಾರಿಗೆ ಬರುವುದೇ ಇಲ್ಲ. ‘127.0.0.1:9200:9200’ ಎಂದು ಬರೆದರೆ ಪೋರ್ಟ್ ಆ ಯಂತ್ರದೊಳಗೇ ಉಳಿಯುತ್ತದೆ. ಅಪ್ಲಿಕೇಶನ್ ಕೂಡ ಅದೇ ಡಾಕರ್ ಜಾಲದಲ್ಲಿದ್ದರೆ ಪೋರ್ಟನ್ನು ಹೊರಗೆ ಪ್ರಕಟಿಸುವುದೇ ಬೇಡ.

ಆದ್ದರಿಂದ ಪರೀಕ್ಷೆಯನ್ನು ಸರ್ವರ್‌ನೊಳಗೆ ಕುಳಿತು ಮಾಡದೆ ಹೊರಗಿನ ಜಾಲದಿಂದ ಮಾಡಬೇಕು. ಸೆಕ್ಯೂರಿಟಿ ಗ್ರೂಪ್ ತಡೆದಿದ್ದರೆ ಉತ್ತರವೇ ಬಾರದೆ ಸಮಯ ಮೀರುತ್ತದೆ. ಎಲಾಸ್ಟಿಕ್‌ಸರ್ಚ್‌ನ 2022ರ 8.0 ಆವೃತ್ತಿಯಿಂದ ಪಾಸ್‌ವರ್ಡ್ ತಾನಾಗಿ ಜಾರಿಯಲ್ಲಿರುವುದರಿಂದ, 401, ಅಂದರೆ ‘ಗುರುತು ಸಾಬೀತಾಗಿಲ್ಲ’ ಎಂಬ ಉತ್ತರ ಕಂಡು ಕೆಲವರು ಸಮಾಧಾನಪಡುತ್ತಾರೆ; ಆ ಉತ್ತರವನ್ನು ಕೊಟ್ಟದ್ದು ಎಲಾಸ್ಟಿಕ್‌ಸರ್ಚ್ ಆಗಿದ್ದರೆ ಕೋರಿಕೆ ಅದರ ತನಕ ತಲುಪಿದೆ ಎಂದೇ ಅರ್ಥ, ಜಾಲದ ನಿಯಮಗಳನ್ನು ಮತ್ತೊಮ್ಮೆ ತೆರೆದು ನೋಡಬೇಕು.